ಬಸವ: ವೃಷಭನೋ, ವಾಸವನೋ?

ಹೊಸಪೇಟೆಯವ: ಮಗನಿಗೆ ‘ಬಸವ’ ಅಂತ ಇಡೋಣ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಹೆಸರಿನ ಆ್ಯಪೊಂದು ‘ವಾಸವ, ಅಂದರೆ ಇಂದ್ರ’ ಅನ್ನುತ್ತೆ. ಸರಿಯೇ? ಇಂಗ್ಲಿಷಲ್ಲಿ ಹೇಗೆ ಬರೆಸಬೇಕು?

ತದ್ಭವಪ್ರಿಯ: ಆ್ಯಪ್ ಬಿಡಿ ಸಾರ್. ಬಸವ ಬಂದದ್ದು ವೃಷಭದಿಂದ. ಪ್ರಾಕೃತದಲ್ಲಿ ವಸಹ, ನಮ್ಮಲ್ಲಿ ಬಸವ. ಮೊದಲ ವಕಾರ ಬಕಾರವಾಗೋದು ಕನ್ನಡಕ್ಕೆ ಮಾಮೂಲು: ವಸತಿ ಬಸದಿ, ವರ್ಣ ಬಣ್ಣ, ವನ ಬನ. ಷಕಾರ ಸಕಾರವಾಗೋದಕ್ಕೆ ಭಾಷೆ–ಬಾಸೆ ನೋಡಿ. ವಾಸವದಿಂದ ಬಂದಿದ್ದರೆ ದೀರ್ಘ ಉಳಿಯಬೇಕಿತ್ತು. ವಾಪಿ ‘ಬಾವಿ’ ಆಯ್ತೇ ಹೊರತು ‘ಬವಿ’ ಆಗಲಿಲ್ಲ.

ಅರ್ಥ ಕೇಳಿದವರಿಗೆ ಬರೀ ‘ಎತ್ತು’ ಅನ್ನಬೇಡಿ. ಬೀಜ ಒಡೆಸಿ ನೊಗಕ್ಕೆ ಹೂಡಿದ್ದು ಎತ್ತು, ಒಡೆಸದೆ ಉಳಿಸಿಕೊಂಡದ್ದು ಗೂಳಿ. ದೇವರಿಗೆ ಬಿಟ್ಟದ್ದು ಬಸವ, ಶಿವನೆದುರು ಕಾಲು ಮಡಚಿ ಕೂತ ನಂದಿಯೂ ಬಸವನೇ. ಬೆಂಗಳೂರಿನ ಬಸವನಗುಡಿಗೆ ಹೆಸರು ಕೊಟ್ಟದ್ದು ಅಲ್ಲಿನ ದೊಡ್ಡ ಬಸವ. ತಲೆಮೇಲೆ ಕೊಂಬು ಚಾಚಿ ಹರಿಯುವ ಹುಳುವೂ ಬಸವನಹುಳು ಆಗಿದೆ ನೋಡಿ!

ಬಯಲುಸೀಮೆ: ಒಂದು ಮಾತು ಸೇರಿಸ್ತೀನಿ. 12ನೇ ಶತಮಾನದ ಬಸವಣ್ಣನವರನ್ನು ನೆನೆದು ಇಡುವವರಿದ್ದಾರೆ, ಊರ ಗುಡಿಯ ಬಸವಣ್ಣನಿಗೆ ಹರಕೆ ಹೊತ್ತು ಇಡುವವರೂ ಇದ್ದಾರೆ. ಹಳೇ ಮೈಸೂರಲ್ಲಿ ಬಸವೇಗೌಡ, ಬಸವರಾಜು. ಉತ್ತರಕ್ಕೆ ಹೋದರೆ ಬಸವರಾಜ, ಬಸಪ್ಪ, ಬಸಮ್ಮ. ಬಸಪ್ಪ ಅನ್ನೋದು ಬಸವಪ್ಪ ನಾಲಿಗೆಯಲ್ಲಿ ಸವೆದ ರೂಪ. ಮುಂದೆ ಹೆಣ್ಣುಮಗುವಾದರೆ ಜೋಡಿಯಾಗಲಿ ಅಂತ ‘ಬಸವಿ’ ಮಾತ್ರ ಇಡಬೇಡಿ. ದೇವರಿಗೆ ಬಿಟ್ಟ ಹೆಣ್ಣಿಗೆ ಅನ್ನುತ್ತಿದ್ದ ಮಾತದು. ಹಾಗೆ ಬಿಡೋದನ್ನು ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ ಅಪರಾಧ ಮಾಡಿತು.

ಅರ್ಜಿ_ಮೇಜು: ಸ್ಪೆಲಿಂಗ್: ಬಿ, ಎ, ಎಸ್, ಎ, ವಿ, ಎ. ಆರೇ ಅಕ್ಷರ. ಕೊನೆಯ ‘ಎ’ ಬಿಟ್ಟರೆ ಎಲ್ಲರೂ ‘ಬಸವ್’ ಅಂತಾರೆ, ಎರಡು ಹಾಕಿದರೆ ‘ಬಸವಾ’ ಆಗುತ್ತೆ. ಹಿಂದಿಯವರು ಹೇಗೆ ಬರೆದರೂ ಕೊನೆಯ ಅಕಾರ ನುಂಗಬಹುದು, ಅದಕ್ಕೆ ಮದ್ದಿಲ್ಲ.

ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಬೇಕು. ಕನ್ನಡ ಕಾಲಮ್ಮಿನಲ್ಲಿ ‘ಬಸವ’, ಇಂಗ್ಲಿಷಿನಲ್ಲಿ ‘ಬಸವರಾಜ್’ ಅಂತ ಬಿದ್ದರೆ ಆಧಾರ್‌ಗೂ ಅಂಕಪಟ್ಟಿಗೂ ತಾಳೆಯಾಗಲ್ಲ. ಸಹಿ ಹಾಕುವ ಮುಂಚೆ ಎರಡೂ ಕಾಲಂ ಅಕ್ಷರ ಅಕ್ಷರ ಓದಿ ನೋಡಿ.