ಹಲ್ಲು ತೋರಿಸೋಕೆ ಹೋದರೆ ಶುಗರ್ ಟೆಸ್ಟ್ ಬರೆದುಕೊಟ್ಟರು, ಇದು ಬೇಕಾ?

ಹಾಸನದವಳು:
ಅಪ್ಪನಿಗೆ 61. ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಈಗೀಗ ಬ್ರಷ್ ಮಾಡಿದರೆ ಒಸಡಲ್ಲಿ ರಕ್ತ. ಕೆಳಗಡೆ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿವೆ, ರೊಟ್ಟಿಯನ್ನು ಸಾರಲ್ಲಿ ನೆನೆಸಿಕೊಂಡು ತಿನ್ನುತ್ತಾರೆ. ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದರೆ, ಮೊದಲು ಎಚ್‌ಬಿಎ1ಸಿ ಅನ್ನೋ ಶುಗರಿನ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಕ್ಲೀನಿಂಗ್ ಅಂದರು. ಅಪ್ಪ "ಹಲ್ಲಿಗೂ ಶುಗರಿಗೂ ಏನಮ್ಮಾ ಸಂಬಂಧ, ಸುಮ್ನೆ ದುಡ್ಡು ಕೀಳೋಕೆ" ಅಂತ ಎದ್ದು ಬಂದುಬಿಟ್ಟರು. ಕ್ಲೀನಿಂಗ್ ಮಾಡಿಸಿದರೆ ಇರೋ ಹಲ್ಲೂ ಸಡಿಲ ಆಗುತ್ತೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ಏನು ಮಾಡಲಿ?

ಒಸಡಿನ ಡಾಕ್ಟರ್:
ಅವರು ಕೇಳಿದ್ದು ಸರಿಯಾಗೇ ಇದೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಒಸಡಿನ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಸೋಂಕಿನ ಜೊತೆ ಹೋರಾಡುವ ಶಕ್ತಿ ಕಡಿಮೆ ಇರುತ್ತೆ, ಗಾಯ ಬೇಗ ಮಾಯಲ್ಲ. ಹಲ್ಲಿಗೂ ಒಸಡಿಗೂ ನಡುವೆ ಸಂದು ಬಿದ್ದು, ಅದರೊಳಗೆ ಪಾಚಿ ಕೂತು, ಹಲ್ಲು ಹಿಡಿದಿರುವ ಮೂಳೆ ನಿಧಾನವಾಗಿ ಕರಗುತ್ತೆ. ನೋವೇ ಇರಲ್ಲ, ಅದಕ್ಕೇ ಜನ ತಡವಾಗಿ ಬರುತ್ತಾರೆ. ಇನ್ನೊಂದು ಕಡೆಯಿಂದಲೂ ಪೆಟ್ಟಿದೆ: ಒಸಡಿನ ಉರಿಯೂತ ಇಡೀ ಮೈಗೆ ಹರಡಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡುತ್ತೆ. 1993ರಲ್ಲೇ ಹೆರಾಲ್ಡ್ ಲೋ ಅನ್ನೋ ದಂತತಜ್ಞರು ಒಸಡಿನ ಕಾಯಿಲೆಯನ್ನು ಶುಗರಿನಿಂದ ಬರುವ ಆರನೇ ತೊಂದರೆ ಅಂತ ಕರೆದಿದ್ದರು. ಒಸಡಿನ ಒಳಗಿನವರೆಗೆ ಚೆನ್ನಾಗಿ ಕ್ಲೀನ್ ಮಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4 ಪಾಯಿಂಟಿನಷ್ಟು ಇಳಿಯುತ್ತೆ. ಹಾಗಂತ ಮಾತ್ರೆ ಬಿಡಬೇಡಿ ಮತ್ತೆ!

ಕ್ಲೀನಿಂಗಿನಿಂದ ಹಲ್ಲು ಸಡಿಲ ಆಗಲ್ಲ. ಮೂಳೆ ಆಗಲೇ ಹೋಗಿರುತ್ತೆ, ಗಟ್ಟಿಯಾದ ಪಾಚಿ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ನಿಲ್ಲಿಸಿರುತ್ತೆ. ಅದನ್ನು ತೆಗೆದಾಗ ಅಲ್ಲಾಡೋದು ಗೊತ್ತಾಗುತ್ತೆ, ಅಷ್ಟೇ.

ತುಮಕೂರು ರಸ್ತೆ:
ನಂದು ಉಲ್ಟಾ ಕಥೆ. ಒಸಡು ಊದಿ ಕೀವು ಬರೋದು, ಮಾತ್ರೆ ನುಂಗಿದರೆ ಇಳಿಯೋದು, ಮತ್ತೆ ಊದೋದು. ಕೊನೆಗೆ ಡೆಂಟಿಸ್ಟೇ ಅಲ್ಲೇ ಬೆರಳು ಚುಚ್ಚಿ ನೋಡಿದರು, ಶುಗರ್ ಇದೆ ಅಂತ ಗೊತ್ತಾಗಿದ್ದೇ ಆವತ್ತು. ಈಗ ಶುಗರ್ ಡಾಕ್ಟರು ಕಾಲು ನೋಡ್ತಾರೆ, ಕಣ್ಣಿನ ಟೆಸ್ಟಿಗೆ ಬರೀತಾರೆ, ಬಾಯಿ ತೆಗೀರಿ ಅಂತ ಮಾತ್ರ ಒಂದು ಸಲವೂ ಅಂದಿಲ್ಲ. ನಮ್ಮ ಅಪ್ಪಂದಿರಿಗೆ ಗೊತ್ತಿಲ್ಲ ಅಂತ ಬೈದು ಏನು ಪ್ರಯೋಜನ, ಹೇಳಿದವರು ಯಾರಿದ್ದಾರೆ?

ಸುಮ್ನೆ ಕೇಳ್ದೆ:
ನಮ್ಮಜ್ಜಿಗೆ ಶುಗರ್ ಇದ್ದರೂ ಹಲ್ಲೆಲ್ಲ ಗಟ್ಟಿ ಇತ್ತು. ತಾತನಿಗೆ ಶುಗರ್ ಇರಲಿಲ್ಲ, ಬೊಚ್ಚುಬಾಯಿ. ಇದಕ್ಕೇನಂತೀರಿ?

ಒಸಡಿನ ಡಾಕ್ಟರ್:
ತಾತ ಕಡ್ಡಿಪುಡಿ ಹಾಕ್ತಿದ್ರಾ, ಬೀಡಿ ಸೇದ್ತಿದ್ರಾ? ಶುಗರ್ ಒಂದೇ ಕಾರಣ ಅಂತ ಯಾರೂ ಹೇಳಲ್ಲ. ಪಾಚಿ ಇಲ್ಲದೆ ಈ ಕಾಯಿಲೆ ಶುರುವಾಗಲ್ಲ. ಬೀಡಿ ಸೇದುವವರಿಗೆ ರಕ್ತ ಕೂಡ ಕಡಿಮೆ ಬರುತ್ತೆ, ಹಾಗಾಗಿ ಒಸಡು ಚೆನ್ನಾಗಿದೆ ಅಂದುಕೊಂಡೇ ಇರುತ್ತಾರೆ.

ಹಾಸನದವಳು:
ಹೋದ ತಿಂಗಳ ರಿಪೋರ್ಟ್ ಬೀರುವಿನಲ್ಲಿ ಸಿಕ್ಕಿತು ಮೇಡಂ, 8.9 ಇದೆ. ಮತ್ತೆ ಮಾಡಿಸಬೇಕಾ? ಕ್ಲೀನಿಂಗ್ ದಿನ ಖಾಲಿ ಹೊಟ್ಟೇಲಿ ಹೋಗಬೇಕಾ?

ಒಸಡಿನ ಡಾಕ್ಟರ್:
ಅದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ, ಅದನ್ನೇ ತೋರಿಸಿ. ಖಾಲಿ ಹೊಟ್ಟೇಲಿ ಖಂಡಿತ ಬೇಡ, ಕುರ್ಚಿಯಲ್ಲೇ ಶುಗರ್ ಇಳಿದುಬಿಟ್ಟರೆ ಕಷ್ಟ. ತಿಂಡಿ ತಿಂದು, ಎಂದಿನ ಮಾತ್ರೆ ತಗೊಂಡು ಬೆಳಿಗ್ಗೆ ಹೊತ್ತು ಹೋಗಲಿ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ.