ಸ್ಕೂಲ್ ಬೌಂಡರಿ ಬದಲಾಗುತ್ತಿದೆ, ಹಿಯರಿಂಗ್‌ನಲ್ಲಿ 3 ನಿಮಿಷ ಸಿಕ್ಕಿದೆ. ಏನು ಹೇಳಲಿ?

ಹಾಸನದ ಸೊಸೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಅಮೆರಿಕದ ಪೂರ್ವ ಭಾಗದ ಒಂದು ಕೌಂಟಿಯಲ್ಲಿದ್ದೇವೆ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇಲ್ಲಿ ಮನೆ ಯಾವ ಗೆರೆಯೊಳಗೆ ಇದೆಯೋ ಅದರ ಮೇಲೆ ಮಕ್ಕಳ ಸರ್ಕಾರಿ ಸ್ಕೂಲ್ ಯಾವುದು ಅಂತ ತೀರ್ಮಾನ. ಆ ಗೆರೆಯೇ ಬೌಂಡರಿ. ಹೆಸರು ಬೇಡ, ನಮ್ಮ ಬೀದಿಯವರೂ ಇಲ್ಲಿ ಓದುತ್ತಾರೆ. ನಾಲ್ಕು ವರ್ಷದ ಹಿಂದೆ ಮನೆ ತೆಗೆದುಕೊಂಡೆವು. ಮನೆ ನೋಡಿ ತೆಗೆದುಕೊಂಡಿದ್ದಲ್ಲ, ಸ್ಕೂಲ್ ನೋಡಿ. ಅದೇ ದುಡ್ಡಿಗೆ ದೊಡ್ಡ ರಸ್ತೆಯ ಆಚೆ ಇನ್ನೊಂದು ರೂಮು, ಒಳ್ಳೆ ಹಿತ್ತಲು ಸಿಗುತ್ತಿತ್ತು. ಈಗಿನ ಅಡುಗೆಮನೆಯಲ್ಲಿ ನಾನು ಒಲೆ ಮುಂದೆ ನಿಂತರೆ ಫ್ರಿಜ್ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಯುಗಾದಿಗೆ ಒಬ್ಬಟ್ಟು ತಟ್ಟುವಾಗ ವರ್ಷಾ ವರ್ಷಾ ಇದೇ ಜಗಳ. "ಅದು ಸ್ಕೂಲಿಗೆ ಕೊಟ್ಟ ದುಡ್ಡು ಅಂದ್ಕೋ" ಅನ್ನುತ್ತಾರೆ ನಮ್ಮ ಮನೆಯವರು.

ಈಗ ಸ್ಕೂಲ್ ಬೋರ್ಡಿನವರು ಬೌಂಡರಿ ಹೊಸದಾಗಿ ಎಳೆಯುತ್ತಿದ್ದಾರೆ. ಮೂರು ನಕ್ಷೆ ಮುಂದಿಟ್ಟಿದ್ದಾರೆ. ಎರಡರಲ್ಲಿ ನಮ್ಮ ಬೀದಿ ಆಚೆ ಕಡೆಯ ಹೈಸ್ಕೂಲಿಗೆ ಹೋಗುತ್ತದೆ. ದೊಡ್ಡವಳು ಎಂಟನೇ ಕ್ಲಾಸು, ಚಿಕ್ಕವನು ನಾಲ್ಕು. ಈಗ ನಮ್ಮ ಬೀದಿಗಿರುವ ಹೈಸ್ಕೂಲ್ ತುಂಬಿ ತುಳುಕುತ್ತಿದೆ, ಅದು ಸುಳ್ಳಲ್ಲ. ಪಕ್ಕದ ಮನೆಯ ಹುಡುಗ ಅಲ್ಲೇ ಓದುತ್ತಾನೆ. ಹಿಂದಿನ ಮೈದಾನದಲ್ಲಿ ಏಳು ಟ್ರೈಲರ್ ನಿಲ್ಲಿಸಿ ಕ್ಲಾಸ್ ನಡೆಸುತ್ತಿದ್ದಾರಂತೆ. ಅವನ ಲಂಚ್ ಬೆಳಿಗ್ಗೆ 10:25ಕ್ಕೆ! ಅದಕ್ಕೆ ಲಂಚ್ ಅಂತಾರಾ, ತಿಂಡಿ ಅಂತಾರಾ?

ನಮ್ಮ ಕಾಲೊನಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ರಾತ್ರಿ 180 ಮೆಸೇಜ್. ಹಳದಿ ಟೀ ಶರ್ಟ್ ಪ್ರಿಂಟ್ ಆಗಿವೆ. ವಕೀಲರಿಗೆ ಅಂತ ಚಂದಾ ಎತ್ತುತ್ತಿದ್ದಾರೆ. ಒಬ್ಬರು ಆಚೆ ಕಡೆಯ ಬಾಡಿಗೆ ಮನೆಗಳ ಬಗ್ಗೆ "ಆ ಅಪಾರ್ಟ್‌ಮೆಂಟ್ ಮಕ್ಕಳ ಜೊತೆ ನಮ್ಮ ಮಕ್ಕಳಾ?" ಅಂತ ಬರೆದರು. ಅದಕ್ಕೆ ಇಪ್ಪತ್ತು ಹೆಬ್ಬೆರಳು ಬಿದ್ದವು. ಓದುವ ಆತುರದಲ್ಲಿ ನಾನೂ ಒಂದು ಒತ್ತಿದೆ. ಆಮೇಲೆ ತೆಗೆದೆ. ತೆಗೆದಿದ್ದು ಯಾರಿಗೂ ಗೊತ್ತಾಗಲಿಲ್ಲ, ಒತ್ತಿದ್ದು ಎಲ್ಲರಿಗೂ ಕಂಡಿತು.

ಹಾಸನದಿಂದ ಅತ್ತೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ಸರ್ಕಾರಿ ಸ್ಕೂಲಿಗೆ ಸೇರಿಸೋಕೆ ಇಷ್ಟೊಂದು ಜಗಳಾನೇನಮ್ಮಾ?" ಅಂದರು. ನಮ್ಮೂರಿನಲ್ಲಿ ಬಿಡಿಸೋಕೆ ತಾನೇ ಜಗಳ.

ಬೋರ್ಡಿನವರು ಜನರ ಮಾತು ಕೇಳುವ ಸಭೆ, ಅಂದರೆ ಹಿಯರಿಂಗ್‌ನಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಮೂರು ನಿಮಿಷ. ಮನೆ ಬೆಲೆ ಇಳಿಯುತ್ತದೆ ಅಂತ ಹೇಳಬಹುದಾ? ಕೋರ್ಟಿಗೆ ಹೋದರೆ ನಿಲ್ಲುತ್ತದಾ? ಇದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

---

ಕೊಲಂಬಿಯಾ ಕಾಕಾ ಉತ್ತರ:

ತಂಗಿ, ನಾನು ಮೇರಿಲ್ಯಾಂಡಿನ ಹೋವರ್ಡ್ ಕೌಂಟಿಯವನು. 2019ರಲ್ಲಿ ಇಲ್ಲಿ ನಡೆದ ಬೌಂಡರಿ ಜಗಳದ ನಡುವೆ ಇದ್ದೆ. ಹಳದಿ ಟೀ ಶರ್ಟ್ ಅಂದಿರಲ್ಲ, ನನ್ನ ಹತ್ತಿರ ಅವತ್ತಿನ ಒಂದು ಟೀ ಶರ್ಟ್ ಇನ್ನೂ ಇದೆ. ಈಗ ಕಾರು ಒರೆಸುತ್ತೇನೆ.

ಮೊದಲು ನಿಮ್ಮ ಪ್ರಶ್ನೆ. ಮನೆ ಬೆಲೆ ಮಾತು ಬೇಡ. ಬೋರ್ಡಿನವರಿಗೆ ಅದನ್ನು ಕೇಳಿ ಕೇಳಿ ಕಿವಿ ತೂತಾಗಿರುತ್ತದೆ. ಮನೆ ಮಾರಾಟದ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಶಾಲೆ ಬದಲಾಗಬಹುದು, ವಿಚಾರಿಸಿಕೊಳ್ಳಿ" ಅಂತ ಇರುತ್ತದಲ್ಲ, ನಾವು ಓದಿರುವುದಿಲ್ಲ. ಗೆರೆ ಮನೆಯ ಜೊತೆ ಬರುವುದಿಲ್ಲ. ಅದು ಬೋರ್ಡಿನದು. ಕೋರ್ಟು ಕೂಡ ಇಂಥ ವಿಷಯದಲ್ಲಿ ಸುಮ್ಮನೆ ಕೈ ಹಾಕುವುದಿಲ್ಲ. ನಾನು ಹೋರಾಟದ ಚಂದಾಗೆ 200 ಡಾಲರ್ ಹಾಕಿದ್ದೆ. ಗೆರೆ ಬೋರ್ಡು ಎಳೆದಲ್ಲೇ ಉಳಿಯಿತು.

ಈಗ ಕಥೆ. ನಮ್ಮ ಕೌಂಟಿಯ ಕೊಲಂಬಿಯಾ ಅನ್ನುವುದು ಜೇಮ್ಸ್ ರೌಸ್ ಅನ್ನುವವರು ಯೋಜನೆ ಹಾಕಿ ಕಟ್ಟಿಸಿದ ಊರು. 1967ರಲ್ಲಿ ಜನ ಬಂದು ನೆಲೆಸಲು ಶುರು ಮಾಡಿದರು. ಬಡವ ಬಲ್ಲಿದ, ಬಿಳಿಯ ಕರಿಯ ಎಲ್ಲ ಒಂದೇ ಕಡೆ ಇರಲಿ ಅನ್ನುವುದು ಅವರ ಆಸೆ. ಇದೇ ಕೌಂಟಿಯಲ್ಲಿ ಕಪ್ಪು ಮಕ್ಕಳಿಗೆ ಬೇರೆಯಾಗಿ ಹ್ಯಾರಿಯೆಟ್ ಟಬ್‌ಮನ್ ಶಾಲೆ ಅಂತ ಇತ್ತು. ಅದು ಮುಚ್ಚಿದ್ದು 1965ರಲ್ಲಿ. ಅಂದರೆ ಎರಡಕ್ಕೂ ನಡುವೆ ಎರಡೇ ವರ್ಷ. ಊರು ಬೆಳೆದ ಹಾಗೆ ಪಶ್ಚಿಮದ ಕಡೆ ದೊಡ್ಡ ಮನೆಗಳು, ಪೂರ್ವದ ಕಡೆ ಅಪಾರ್ಟ್‌ಮೆಂಟುಗಳು ಜಾಸ್ತಿಯಾದವು. ಕೆಲವು ಸ್ಕೂಲ್ ತುಂಬಿದವು, ಕೆಲವು ಖಾಲಿ ಹೊಡೆದವು. ಇಲ್ಲಿಯ ನಿಯಮದ ಪ್ರಕಾರ ಒಂದು ಸ್ಕೂಲು ತನ್ನ ಸಾಮರ್ಥ್ಯದ 90ರಿಂದ 110 ಶೇಕಡಾ ತುಂಬಿರಬೇಕು.

2019ರ ಆಗಸ್ಟಿನಲ್ಲಿ ಕೌಂಟಿಯ ಸ್ಕೂಲುಗಳ ಮುಖ್ಯಸ್ಥ, ಅಂದರೆ ಸೂಪರಿಂಟೆಂಡೆಂಟ್, ಒಂದು ಯೋಜನೆ ತಂದರು. ಸುಮಾರು 7,400 ಮಕ್ಕಳು ಸ್ಕೂಲ್ ಬದಲಾಯಿಸಬೇಕು. ಜಾಗದ ಲೆಕ್ಕ ಅಷ್ಟೇ ಆಗಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ. ಬಡ ಮಕ್ಕಳು ಕೆಲವೇ ಸ್ಕೂಲಿನಲ್ಲಿ ತುಂಬಿಕೊಳ್ಳದ ಹಾಗೆ ಹಂಚುವುದೂ ಅದರಲ್ಲಿ ಇತ್ತು. ಅದನ್ನು ಅಳೆಯುವುದು ಸ್ಕೂಲಿನ ಊಟದ ಲೆಕ್ಕದಲ್ಲಿ. ಮನೆಯ ಆದಾಯ ಸರ್ಕಾರದ ಬಡತನದ ಗೆರೆಯ 130 ಶೇಕಡಾ ಒಳಗಿದ್ದರೆ ಊಟ ಪುಕ್ಕಟೆ, 185 ಒಳಗಿದ್ದರೆ ಕಡಿಮೆ ಬೆಲೆಗೆ. ಬಣ್ಣ ನೋಡಿ ಯಾಕೆ ಹಂಚುವುದಿಲ್ಲ ಅಂದರೆ, 2007ರಲ್ಲಿ ಸಿಯಾಟಲ್ ಮತ್ತು ಲೂಯಿವಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಬ್ಬೊಬ್ಬ ಮಗುವಿನ ಜನಾಂಗ ನೋಡಿ ಸ್ಕೂಲ್ ಕೊಡುವ ಆ ಎರಡೂ ಊರಿನ ಪದ್ಧತಿಯನ್ನು ತಳ್ಳಿಹಾಕಿತು. 5ಕ್ಕೆ 4 ತೀರ್ಪು. ಆಮೇಲಿಂದ ಊಟದ ತಟ್ಟೆಯೇ ಅಳತೆಗೋಲು.

ನಮ್ಮ ಕೌಂಟಿ ನಕ್ಷೆಯನ್ನು ಪಾಲಿಗನ್ ಅನ್ನುವ ಸಣ್ಣ ಸಣ್ಣ ತುಂಡು ಮಾಡಿ ನಂಬರ್ ಕೊಟ್ಟಿದೆ. ಆ ಮೂರು ತಿಂಗಳು ಯಾರ ಮನೆಗೆ ಹೋದರೂ ಗೋತ್ರ ಕೇಳಿದ ಹಾಗೆ "ನಿಮ್ಮ ಪಾಲಿಗನ್ ಯಾವುದು?" ಅಂತಲೇ ಮಾತು ಶುರು. ದೀಪಾವಳಿ ಊಟದಲ್ಲಿ ಎರಡು ಪಾಲಿಗನ್ನಿನವರು ಬೇರೆ ಬೇರೆ ಮೇಜಿನಲ್ಲಿ ಕೂತರು. ಹತ್ತು ವರ್ಷದ ಸ್ನೇಹ ಅವರದು. ಈ ಕೌಂಟಿಯಲ್ಲಿ ಕಾರುಗಳ ಹಿಂದೆ "ಚೂಸ್ ಸಿವಿಲಿಟಿ" ಅಂತ ಹಸಿರು ಸ್ಟಿಕರ್ ಇರುತ್ತದೆ, ಮರ್ಯಾದೆಯಿಂದ ಇರೋಣ ಅಂತ ಅರ್ಥ. ಆ ಸ್ಟಿಕರ್ ಇದ್ದ ಕಾರಿನಿಂದಲೇ ಇಳಿದು ಬಂದು ಕೂಗಾಡಿದವರನ್ನು ನೋಡಿದ್ದೇನೆ. ನ್ಯೂಯಾರ್ಕ್ ಟೈಮ್ಸ್ ಕೂಡ ಆ ಸ್ಟಿಕರನ್ನು ಇಟ್ಟುಕೊಂಡೇ ನಮ್ಮ ಮಾನ ಹರಾಜು ಹಾಕಿತು.

ನವೆಂಬರ್ 21ಕ್ಕೆ ಮತ ಹಾಕಿದರು. ಕೊನೆಗೆ ಸುಮಾರು 5,400 ಮಕ್ಕಳಿಗೆ ಬದಲಾವಣೆ. ನನ್ನ ಮಗಳೂ ಅದರಲ್ಲಿ ಒಬ್ಬಳು.

ಈಗ ತಮಾಷೆ ಕೇಳಿ. ನಾನು ಹಿಯರಿಂಗ್‌ನಲ್ಲಿ ಮೂರು ನಿಮಿಷ ಪೂರ್ತಿ ಬಸ್ ಬಗ್ಗೆ ಮಾತಾಡಿದ್ದೆ. ಗೂಗಲ್ ಮ್ಯಾಪ್ ಪ್ರಿಂಟ್ ಹಿಡಿದು, ಬೆಳಿಗ್ಗೆ 14 ನಿಮಿಷ ಜಾಸ್ತಿ, ಸಂಜೆ 19 ನಿಮಿಷ ಜಾಸ್ತಿ ಅಂತ. ಮುಂದಿನ ವರ್ಷ ಹೊಸ ಸ್ಕೂಲ್ ಶುರುವಾಗುವ ಹೊತ್ತಿಗೆ ಕೊರೋನಾ. 2020ರ ಸೆಪ್ಟೆಂಬರಿನಲ್ಲಿ ಅವಳ ಮೊದಲ ದಿನ ನಮ್ಮ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪ್ ಮುಂದೆ. ಪ್ರಯಾಣ ಸೊನ್ನೆ ನಿಮಿಷ. ಬಸ್ ಹತ್ತಿದ್ದು ಮುಂದಿನ ವರ್ಷದ ವಸಂತದಲ್ಲಿ. ಅಷ್ಟರಲ್ಲಿ ಯಾವ ಸ್ಕೂಲ್ ಆದರೂ ಸರಿ, ಮನೆಯಿಂದ ಹೊರಗೆ ಹೋದರೆ ಸಾಕು ಅನ್ನುವ ಸ್ಥಿತಿ ಬಂದಿತ್ತು, ಅವಳಿಗೂ ನಮಗೂ. ಅಲ್ಲಿಯ ಕೆಮಿಸ್ಟ್ರಿ ಮೇಡಂ ಹೆಸರು ಈಗಲೂ ಹೇಳುತ್ತಿರುತ್ತಾಳೆ.

ಅದಕ್ಕೇ ನನ್ನ ಸಲಹೆ ಇಷ್ಟು. "ನಮ್ಮನ್ನು ಕಳಿಸಬೇಡಿ" ಅನ್ನಬೇಡಿ, ಹಾಗನ್ನುವವರು ಅವತ್ತು ನೂರು ಜನ ಇರುತ್ತಾರೆ. ಒಪ್ಪಲು ಸುಲಭವಾದ ಒಂದೇ ಒಂದು ವಿಷಯ ಕೇಳಿ. ಆ ದೊಡ್ಡ ರಸ್ತೆ ದಾಟುವುದು ಹೇಗೆ? ಅಕ್ಕ ಒಂದು ಸ್ಕೂಲು, ತಮ್ಮ ಒಂದು ಸ್ಕೂಲು ಆಗುತ್ತದಾ? ಹೈಸ್ಕೂಲ್ ಶುರು ಮಾಡಿದವರನ್ನು ಮಧ್ಯದಲ್ಲಿ ಎಬ್ಬಿಸುತ್ತೀರಾ? ಶುರು ಮಾಡಿದವರು ಅಲ್ಲೇ ಮುಗಿಸಲಿ ಅಂತ ಬಿಡುವುದಕ್ಕೆ ಇಲ್ಲಿ ಗ್ರ್ಯಾಂಡ್‌ಫಾದರಿಂಗ್ ಅನ್ನುತ್ತಾರೆ. ತಾತನಿಗೂ ಸ್ಕೂಲಿಗೂ ಏನು ಸಂಬಂಧ ಅಂತ ಹುಡುಕಿದೆ. ಹಿಂದೆ ಕೆಲವು ರಾಜ್ಯಗಳಲ್ಲಿ "ನಿಮ್ಮ ತಾತನಿಗೆ ಮತದ ಹಕ್ಕು ಇದ್ದಿದ್ದರೆ ಓದು ಬರಹದ ಪರೀಕ್ಷೆಯಂಥ ಷರತ್ತು ಇಲ್ಲದೆ ನೀವೂ ಮತ ಹಾಕಬಹುದು" ಅನ್ನುವಂಥ ಕಾನೂನು ಮಾಡಿ ಕಪ್ಪು ಜನರನ್ನು ಹೊರಗಿಟ್ಟಿದ್ದರು. 1915ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ನಮ್ಮ ಮೇರಿಲ್ಯಾಂಡಿನ ಅನಾಪೊಲಿಸ್ ಊರಿನಲ್ಲೂ ಅಂಥದ್ದು ಇತ್ತು. ಪದ ಮಾತ್ರ ಉಳಿದುಕೊಂಡಿದೆ ನೋಡಿ.

ಇನ್ನೊಂದು. ಈಗ ಗೆದ್ದರೂ ಪೂರ್ತಿ ಗೆದ್ದ ಹಾಗಲ್ಲ. 2023ರಲ್ಲಿ ಇಲ್ಲಿ ಗಿಲ್ಫರ್ಡ್ ಪಾರ್ಕ್ ಅಂತ 13ನೇ ಹೈಸ್ಕೂಲ್ ತೆರೆದರು. ಮತ್ತೆ ನಕ್ಷೆ, ಮತ್ತೆ ಟೀ ಶರ್ಟ್.

---

ಕಾರ್ಪೊರೇಟ್ ಕುರಿ ಉತ್ತರ:

ಇಷ್ಟೆಲ್ಲ ಯಾಕೆ? ಮನೆ ಮಾರಿ, ಬೌಂಡರಿಯ ಮಧ್ಯದಲ್ಲಿ ಇರುವ ಮನೆ ತಗೊಳ್ಳಿ. ಅಂಚಿನ ಮನೆ ತಗೊಂಡಿದ್ದೇ ತಪ್ಪು.

---

ಬಾಡಿಗೆ ಮನೆಯವಳು ಉತ್ತರ:

ಮಾರಿ ತಗೊಳ್ಳಿ ಅನ್ನೋಕೆ ಎಲ್ಲರ ಹತ್ತಿರವೂ ಮಾರುವ ಮನೆ ಇರಬೇಕಲ್ಲ ಸರ್.

ಅಕ್ಕ, ನಾನು "ಆ ಅಪಾರ್ಟ್‌ಮೆಂಟ್" ಕಡೆಯವಳು. ನಿಮ್ಮ ಕೌಂಟಿ ಅಲ್ಲ, ಬೇರೆ ರಾಜ್ಯ. ಆದರೆ ನಮ್ಮಲ್ಲೂ ಹೋದ ವರ್ಷ ಇದೇ ನಡೆಯಿತು. ನನ್ನ ಗಂಡನಿಗೆ ಕೆಲಸ ಹೋಗಿ ಏಳು ತಿಂಗಳು ಆಗಿತ್ತು. ಮಗನಿಗೆ ಸ್ಕೂಲಿನಲ್ಲಿ ಕಡಿಮೆ ಬೆಲೆಯ ಊಟದ ಅರ್ಜಿ ಹಾಕಿದ್ದೆವು. ಊರಲ್ಲಿ ಯಾರಿಗೂ ಹೇಳಿಲ್ಲ. ಕಾಕಾ ಹೇಳಿದ ಆ ಲೆಕ್ಕದಲ್ಲಿ ನನ್ನ ಮಗನೂ ಒಂದು ಅಂಕಿ.

ಹಿಯರಿಂಗನ್ನು ಮನೆಯಲ್ಲೇ ಲೈವ್ ನೋಡುತ್ತಿದ್ದೆ. ಮಗ ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ. ಒಬ್ಬರಾದ ಮೇಲೆ ಒಬ್ಬರು ಬಂದು ಅವನ ಸ್ಕೂಲಿನ ಹೆಸರು ಹೇಳಿ, ಅಲ್ಲಿಗೆ ಹೋದರೆ ಮಕ್ಕಳು ಹಾಳಾಗುತ್ತಾರೆ ಅನ್ನುವ ಹಾಗೆ ಮಾತಾಡಿದರು. ಅದರಲ್ಲಿ ಒಬ್ಬರು ನಮ್ಮವರೇ, ಗಣೇಶನ ಹಬ್ಬಕ್ಕೆ ಅವರ ಮನೆಗೆ ಹೋಗಿ ಕಡುಬು ತಿಂದಿದ್ದೇವೆ. ಮಗ ತಲೆ ಎತ್ತಿ, "ಅಮ್ಮ, ಅವರು ನಮ್ಮ ಸ್ಕೂಲಿಗೆ ಯಾವಾಗ ಬಂದಿದ್ದರು?" ಅಂತ ಕೇಳಿದ. ಟಿವಿ ಆಫ್ ಮಾಡಿದೆ.

ನೀವು ಏನು ಬೇಕಾದರೂ ಕೇಳಿ. ನಿಮ್ಮ ಹಕ್ಕು. ರಸ್ತೆ ಕೇಳಿ, ಬಸ್ ಕೇಳಿ. ಆಚೆ ಸ್ಕೂಲಿನ ಹೆಸರು ಎತ್ತುವ ಮುಂಚೆ ಒಂದು ಸಲ ಅದರ ಒಳಗೆ ಹೋಗಿ ಬನ್ನಿ, ಅಷ್ಟೇ. ಪರೀಕ್ಷೆ ಅಂಕ ನೋಡಿ ಸ್ಕೂಲಿಗೆ ಕೊಡುವ ರೇಟಿಂಗ್ ನಂಬರ್ ನಂಬಿಕೊಂಡು ಹೋಗಬೇಡಿ. ಪರೀಕ್ಷೆ ಅಂಕ ಮಕ್ಕಳ ಮನೆಯ ಆದಾಯದ ಜೊತೆ ಏರುತ್ತದೆ, ಇಳಿಯುತ್ತದೆ. ಮೇಷ್ಟ್ರು ಪಾಠ ಹೇಗೆ ಮಾಡುತ್ತಾರೆ ಅನ್ನುವುದು ಅದರಲ್ಲಿ ಎಲ್ಲಿ ಕಾಣುತ್ತದೆ?

---

ರಾಜಾಜಿನಗರ ರಾಯರು ಉತ್ತರ:

ನಿಮ್ಮ ಅತ್ತೆಯವರ ಮಾತಿಗೆ ಮಾತ್ರ ಉತ್ತರ. ಬೆಂಗಳೂರಿನಲ್ಲೂ ಗೆರೆ ಜಗಳ ಇದೆ ಅಂತ ಅವರಿಗೆ ಹೇಳಿ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಬಡ ಮಕ್ಕಳಿಗೆ ಅಂತ ಇರುವ ಖಾಸಗಿ ಶಾಲೆಯ 25 ಶೇಕಡಾ ಸೀಟಿಗೆ ನೆರೆಹೊರೆ ಅನ್ನುವ ಲೆಕ್ಕ ಇದೆ. 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂತಾಯಿತು. ನಮ್ಮ ಮನೆ ಕೆಲಸಕ್ಕೆ ಬರುವಾಕೆ ದೊಡ್ಡ ಮಗನಿಗೆ ಸೀಟು ಸಿಕ್ಕಿತ್ತು, ಚಿಕ್ಕವಳಿಗೆ ಸಿಗಲಿಲ್ಲ. ಒಂದೇ ಮನೆ, ಒಂದೇ ಬೀದಿ. ಆಕೆ ಯಾವ ಹಿಯರಿಂಗಿಗೂ ಹೋಗಲಿಲ್ಲ, ಹೋಗಲು ಅಂಥದ್ದೊಂದು ಇರಲೂ ಇಲ್ಲ.

---

ಹಾಸನದ ಸೊಸೆ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಕುರಿಯವರೇ, ಈಗಿನ ಬಡ್ಡಿ ದರ ನೀವು ಕಟ್ಟುವುದಾದರೆ ನಾಳೆಯೇ ಮಾರುತ್ತೇನೆ.

ಬಾಡಿಗೆ ಮನೆಯವರೇ, ನಿಮ್ಮದು ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ನಿಮ್ಮ ಮಗನ ಹತ್ತಿರ ನನ್ನ ಪರವಾಗಿ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಗುರುವಾರ ಆಚೆ ಸ್ಕೂಲಿನಲ್ಲಿ ಬ್ಯಾಂಡ್ ಕಾರ್ಯಕ್ರಮ ಇತ್ತು, ಯಾರು ಬೇಕಾದರೂ ಬರಬಹುದು ಅಂತಿತ್ತು. ಮಗಳನ್ನು ಕರೆದುಕೊಂಡು ಹೋದೆ. ಕಾರಿಡಾರ್ ಬಣ್ಣ ಕಿತ್ತಿದೆ. ಕ್ಲಾರಿನೆಟ್ ಸ್ವಲ್ಪ ಅಪಸ್ವರ. ಆದರೆ ಲಂಚ್ ಪಟ್ಟಿ ಗೋಡೆ ಮೇಲೆ ಇತ್ತು, 11:40! ಮಗಳು ಅದರ ಫೋಟೊ ತೆಗೆದುಕೊಂಡಳು. ಹೋಗಲು ಒಪ್ಪಿದಳು ಅಂತಲ್ಲ. ಅವಳ ಇಬ್ಬರು ಗೆಳತಿಯರು ಹಳೇ ಸ್ಕೂಲಿನ ಕಡೆ ಉಳಿಯುತ್ತಾರೆ. ಕಾರಿನಲ್ಲಿ ಬರುವಾಗ ಅದೇ ಅಳು. ನನಗೂ ನಮ್ಮ ಸ್ಕೂಲೇ ಬೇಕು, ಸುಳ್ಳು ಯಾಕೆ ಹೇಳಲಿ.

ಮಾತು ಹೊಸದಾಗಿ ಬರೆದಿದ್ದೇನೆ. ಮನೆ ಬೆಲೆಯ ಪ್ಯಾರಾ ತೆಗೆದೆ. ಆರು ಲೇನಿನ ರಸ್ತೆಗೆ ಸಿಗ್ನಲ್ ಮತ್ತು ದಾಟಿಸುವ ಗಾರ್ಡ್, ಹೈಸ್ಕೂಲ್ ಶುರು ಮಾಡಿದವರು ಅಲ್ಲೇ ಮುಗಿಸಲು ಅವಕಾಶ, ಇವೆರಡೇ. ಓದಿ ನೋಡಿದರೆ 2 ನಿಮಿಷ 10 ಸೆಕೆಂಡ್. ಉಳಿದ ಐವತ್ತು ಸೆಕೆಂಡಿನಲ್ಲಿ ಆ ಬ್ಯಾಂಡ್ ಬಗ್ಗೆ ಹೇಳಬೇಕು ಅಂತಿದ್ದೇನೆ. ವಾಟ್ಸಾಪ್ ಗ್ರೂಪಿನವರು ಲೈವ್ ನೋಡುತ್ತಿರುತ್ತಾರೆ, ಅದೊಂದು ಭಯ.

ಹಳದಿ ಟೀ ಶರ್ಟ್ ನಮ್ಮ ಬಾಗಿಲ ಹಿಡಿಗೆ ಯಾರೋ ನೇತು ಹಾಕಿ ಹೋಗಿದ್ದಾರೆ, ಮೀಡಿಯಂ ಸೈಜು. ಹಾಕಿಕೊಂಡು ಹೋಗುವುದಿಲ್ಲ. ನನ್ನ ಸರದಿ 63ನೆಯದು, ರಾತ್ರಿ ಹತ್ತಾಗಬಹುದು ಅಂದರು. ಪುಳಿಯೋಗರೆ ಕಲಸಿಟ್ಟಿದ್ದೇನೆ, ಮನೆಯವರು ಮಕ್ಕಳಿಗೆ ಬಡಿಸಿದರೆ ಸಾಕು.