ಡಿಸ್ಚಾರ್ಜ್ ಬುಕ್ಕಿನಾಗ ಪೂರ್ವಿ ಸ್ಟಾರ್ ಬಿಟ್ಟು ಹೋಗೈತಿ, ತಿದ್ದಸೂದು ಹೆಂಗ?

ಮಲಪ್ರಭಾ ದಂಡಿ (ಬೈಲಹೊಂಗಲ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಪ್ಪಾವ್ರು 1 ಮರಾಠಾ ಲೈಟ್ ಇನ್‌ಫಂಟ್ರಿ, 1968ರ ಫೆಬ್ರವರಿಯಿಂದ 1984ರ ತನಕ ಸರ್ವೀಸ್, ನಾಯಕ್ ಆಗಿ ಪೆನ್ಶನ್ ಬಂದಾರ. ಡಿಸ್ಚಾರ್ಜ್ ಬುಕ್ಕಿನ ಮೆಡಲ್ ಕಾಲಂನಾಗ ಎರಡ ಹೆಸರು ಅದಾವ: ಸಂಗ್ರಾಮ್ ಮೆಡಲ್, ಸೈನ್ಯ ಸೇವಾ ಮೆಡಲ್. 1971ರ ಯುದ್ಧದಾಗ ಪಲ್ಟನ್ ಜೊತಿ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಜಮಾಲಪುರಕ್ಕ ಹೋದವ್ರು, ಆದ್ರ ಆ ಕಡಿ ಲಡಾಯಿಗೆ ಕೊಡೋ ಪೂರ್ವಿ ಸ್ಟಾರ್ ಮೆಡಲ್ ಬರದಿಲ್ಲ. 25ನೇ ಸ್ವಾತಂತ್ರ್ಯೋತ್ಸವದ್ದೂ ಇಲ್ಲ, 9 ವರ್ಷದ ಲಾಂಗ್ ಸರ್ವೀಸೂ ಇಲ್ಲ. ಟ್ರಂಕಿನಾಗ ನಾಕ ಮೆಡಲ್ ಅದಾವ, ಒಂದರ ರಿಬ್ಬನ್ ಹೋಗೈತಿ.

ಇದನ್ನ ತಿದ್ದವ್ರು ಯಾರು? ಸೈನಿಕ ಕಲ್ಯಾಣ ಕಚೇರಿನೋ, ರೆಕಾರ್ಡ್ ಆಫೀಸೋ, ಸ್ಪರ್ಶ್‌ನಾಗ ಹಾಕಬೇಕೋ? ಅಸಲು ಬುಕ್ ಕೊಡಬೇಕಾಗತೈತೇನು? ಅಪ್ಪಾವ್ರ ಕೈ ನಡಗತಾವ, ಈಗ ಸಹಿ ಬದ್ಲಿ ಹೆಬ್ಬೆಟ್ಟು ಒತ್ತತಾರ. ಅದು ನಡೀತೈತೇನ್ರಿ?

ಹಳೇ ಹೆಡ್ ಕ್ಲರ್ಕ್ (ಬೆಳಗಾವಿ)

ಮೊದಲು ಒಂದು ಮಾತು: ‘ತಿದ್ದಿ ಕೊಡ್ರಿ’ ಅಂತ ಅರ್ಜಿ ಈಗಲೇ ಹಾಕಬೇಡಿ. ಬಹಳ ಮಂದಿ ಇಲ್ಲೇ ಎಡವೋದು. ‘ದಾಖಲೆ ಪ್ರಕಾರ ಅರ್ಹತೆ ಕಂಡುಬರುವುದಿಲ್ಲ’ ಅಂತ ಎರಡು ಸಾಲಿನ ಉತ್ತರ ಬಂದುಬಿಟ್ಟರೆ, ಆಮೇಲೆ ಹಾಕುವ ಪ್ರತಿ ಅರ್ಜಿಗೂ ಅದೇ ಉತ್ತರದ ನಕಲು ಬರುತ್ತದೆ.

ಮೆಡಲ್ ವಿಷಯದಲ್ಲಿ ಮೂರು ಬೇರೆ ಬೇರೆ ಸಂಗತಿ ಇರ್ತಾವೆ. ಒಂದು, ಅರ್ಹತೆ. ಇದು ಪಾರ್ಟ್ ಟೂ ಆರ್ಡರ್‌ನಲ್ಲಿ (ಜವಾನನ ಸರ್ವೀಸಿನ ಬದಲಾವಣೆಗಳನ್ನು ಪ್ರಕಟಿಸುವ ಅಧಿಕೃತ ಆದೇಶ) ಪ್ರಕಟವಾಗಿ ಶೀಟ್ ರೋಲ್‌ಗೆ (ರೆಕಾರ್ಡ್ ಆಫೀಸಿನಲ್ಲಿರುವ ಅವನ ಮೂಲ ಸರ್ವೀಸ್ ದಾಖಲೆ) ಏರಬೇಕು. ಎರಡು, ಡಿಸ್ಚಾರ್ಜ್ ಬುಕ್. ಅದು ಶೀಟ್ ರೋಲ್ ನೋಡಿ ಬರೆದುಕೊಟ್ಟ ಪ್ರತಿ ಅಷ್ಟೇ, ಮೂಲ ಅಲ್ಲ. ಮೂರು, ಕೈಗೆ ಬರುವ ಮೆಡಲ್. ನಿಮ್ಮ ಕೇಸಿನಲ್ಲಿ ಇವುಗಳಲ್ಲಿ ಯಾವುದು ತಪ್ಪಿದೆ ಅನ್ನೋದರ ಮೇಲೆ ಕೆಲಸ ನಿಂತಿದೆ. ಶೀಟ್ ರೋಲ್‌ನಲ್ಲಿ ಇದ್ದು ಬುಕ್ಕಿಗೆ ಇಳಿಸುವಾಗ ಬಿಟ್ಟಿದ್ದರೆ ಬುಕ್ಕಿನಲ್ಲಿ ಸಹಿ, ಸೀಲು ಸಮೇತ ಒಂದು ಹೊಸ ನಮೂದು (ಎಂಡಾರ್ಸ್‌ಮೆಂಟ್) ಹಾಕಿದರೆ ಮುಗೀತದೆ. ಪಾರ್ಟ್ ಟೂ ಆರ್ಡರೇ ಆಗಿಲ್ಲದಿದ್ದರೆ ಹೊಸದಾಗಿ ಕ್ಲೇಮ್ ಕಟ್ಟಬೇಕು, ಪುರಾವೆ ಬೇಕು.

ಆದ್ದರಿಂದ ಮೊದಲ ಹೆಜ್ಜೆ ಆರ್‌ಟಿಐ. ಮರಾಠಾ ಲೈಟ್ ಇನ್‌ಫಂಟ್ರಿ ರೆಕಾರ್ಡ್ ಆಫೀಸ್ ನಮ್ಮ ಬೆಳಗಾವಿಯಲ್ಲೇ ಇರೋದು ನಿಮ್ಮ ಪುಣ್ಯ. ಅಲ್ಲಿನ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ₹10ರ ಪೋಸ್ಟಲ್ ಆರ್ಡರ್ ಜೊತೆ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೀರಿ. ಕೇಳಬೇಕಾದ್ದು: ಶೀಟ್ ರೋಲ್‌ನ ದೃಢೀಕೃತ ಪ್ರತಿ, ಮೆಡಲ್‌ಗಳಿಗೆ ಸಂಬಂಧಿಸಿದ ಎಲ್ಲಾ ಪಾರ್ಟ್ ಟೂ ಆರ್ಡರ್‌ಗಳ ನಂಬರು, ತಾರೀಖು, ಪ್ರತಿ, 1971ರ ನವೆಂಬರ್‌ನಿಂದ 1972ರ ಡಿಸೆಂಬರ್‌ವರೆಗಿನ ಪೋಸ್ಟಿಂಗ್ ಮತ್ತು ರಜೆಯ ನಮೂದು. ಪ್ರತಿಗೆ ಪುಟಕ್ಕೆ ₹2 ಆಗ್ತದೆ, ಉತ್ತರಕ್ಕೆ 30 ದಿನ. ಅರ್ಜಿ ತಂದೆಯವರ ಹೆಸರಿನಲ್ಲೇ ಇರಲಿ. ಮಗ ತನ್ನ ಹೆಸರಿನಲ್ಲಿ ಹಾಕಿದರೆ ಬೇರೆಯವರ ಖಾಸಗಿ ಮಾಹಿತಿ ಅಂತ ಆರ್‌ಟಿಐ ಕಾಯ್ದೆಯ ಕಲಂ 8(1)(ಜೆ) ತೋರಿಸಿ ವಾಪಸ್ ಕಳಿಸ್ತಾರೆ. ‘ಯಾಕೆ ಬಿಟ್ಟಿದ್ದೀರಿ’ ಅಂತ ಆರ್‌ಟಿಐನಲ್ಲಿ ಕೇಳಬೇಡಿ. ಇರುವ ಕಾಗದ ಕೊಡೋದಷ್ಟೇ ಅದರ ಕೆಲಸ.

ಹೆಬ್ಬೆಟ್ಟು ನಡೀತದೆ. ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬೆಳಗಾವಿ ಕಚೇರಿಯ ಸೀಲು ಹಾಕಿಸಿದರೆ ಪ್ರಶ್ನೆ ಏಳೋದಿಲ್ಲ. ಆ ಕಚೇರಿ ಅರ್ಜಿ ಮುಂದೆ ಕಳಿಸಿಕೊಡ್ತದೆ, ತಿದ್ದುವ ಅಧಿಕಾರ ಅದಕ್ಕಿಲ್ಲ. ಸ್ಪರ್ಶ್ ಪೆನ್ಶನ್ ವ್ಯವಸ್ಥೆ. ಸರ್ವೀಸ್ ಮೆಡಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಅಸಲು ಬುಕ್ ಈಗ ಯಾರ ಕೈಗೂ ಕೊಡಬೇಡಿ.

ಕೋಟೆಕೆರೆ

ಆರ್‌ಟಿಐ ಬರೆಯೋಕೂ ಮೊದ್ಲ ಟ್ರಂಕಿನ ಮೆಡಲ್ ಹೊರಗ ತಗೀರಿ. ಗುಂಡನೆ ಮೆಡಲ್ ಆದ್ರ ಅಂಚನ್ನ ಬೆಳಕಿಗೆ ಓರೆ ಹಿಡದು ನಿಧಾನ ತಿರುಗಸ್ರಿ. ಆರ್ಮಿ ನಂಬರ್, ರ‍್ಯಾಂಕ್, ಹೆಸರು, ರೆಜಿಮೆಂಟ್ ಸಣ್ಣ ಇಂಗ್ಲಿಷ್ ಅಕ್ಷರದಾಗ ಕೊರದಿರತಾರ. ಸ್ಟಾರ್ ಇದ್ರ ಹಿಂಬದಿ ನೋಡ್ರಿ. ಅಂಚು ಖಾಲಿ ಇದ್ರ ಅದು ಅಂಗಡ್ಯಾಗ ಕೊಂಡ ನಕಲು ಇರಬಹುದು, ಪುರಾವೆ ಅಂತ ಎಣಿಸಬ್ಯಾಡ್ರಿ.

ಹುಣಸಿಹಣ್ಣು, ಬೂದಿ, ಬ್ರಾಸೋ ಏನೂ ಹಚ್ಚಬ್ಯಾಡ್ರಿ. ದೇವರ ಸಾಮಾನು ತಿಕ್ಕಿದಂಗ ಮೆಡಲ್ ತಿಕ್ಕಿದ್ರ ಆ ಅಕ್ಷರ ಸವದು ಹೋಗತಾವ. ಒಣ ಅರಿವಿಲೆ ಒರಸ್ರಿ ಸಾಕು. ಅಂಚಿನ ಮ್ಯಾಲೆ ಟಾರ್ಚ್ ಬೆಳಕು ಬಿಟ್ಟು ನಾಕು ಕಡಿಂದ ಫೋಟೋ ತಗದು, ಅದರ ಪ್ರಿಂಟ್ ಅರ್ಜಿಗೆ ಹಚ್ರಿ.

ಮಲಪ್ರಭಾ ದಂಡಿ

ನೋಡಿದ್ನಿರಿ. ರಿಬ್ಬನ್ ಹೋಗಿದ್ದು 25ನೇ ಸ್ವಾತಂತ್ರ್ಯದ್ದ ಐತಿ, ಅಂಚಿನ ಮ್ಯಾಲೆ ಅಪ್ಪಾವ್ರ ನಂಬರ್ ಸರಿಯಾಗಿ ಕಾಣತೈತಿ, ರ‍್ಯಾಂಕ್ ಸಿಪಾಯಿ. ಆದ್ರ ಹೆಸರಿನಾಗ ‘ವ’ ಬಿಟ್ಟಾರ, ಬಸವಣ್ಣೆಪ್ಪ ಹೋಗಿ ಬಸಣ್ಣೆಪ್ಪ ಆಗೈತಿ. ಸಂಗ್ರಾಮ್, ಸೈನ್ಯ ಸೇವಾ ಎರಡೂ ಬರೋಬ್ಬರಿ ಅದಾವ. ನಾಕನೇದರ ಅಂಚು ಖಾಲಿ. ಸ್ಟಾರ್ ಮಾತ್ರ ಇಲ್ಲ.

ಬಾರಾಕಮಾನ್ (ವಿಜಯಪುರ)

ಇದನ್ನ ಓದೋ ಬ್ಯಾರೆ ಮಂದಿ ಸಲುವಾಗಿ ಬರೀಲಿಕತ್ತೀನಿ. ಬೆಳಗಾವಿ ರೆಕಾರ್ಡ್ ಆಫೀಸ್ ಮರಾಠಾದವ್ರಿಗಷ್ಟೇ. ವಿಜಯಪುರ, ಬಾಗಲಕೋಟಿ ಕಡೆಯಿಂದ ಬಸ್ ಹತ್ತಿ ಬೆಳಗಾವಿ ಕ್ಯಾಂಪಿಗೆ ಹೋಗಿ ವಾಪಸ್ ಬರೋರು ಭಾಳ ಇದ್ದಾರ. ಆರ್ಟಿಲರಿದು ನಾಸಿಕ್ ರೋಡ್, ಎಂಇಜಿದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಸಿಗ್ನಲ್ಸ್ ಜಬಲ್‌ಪುರ, ಇಎಂಇ (ಇಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್, ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್. ಏರ್‌ಫೋರ್ಸ್‌ದು ದಿಲ್ಲಿ ಸುಬ್ರತೋ ಪಾರ್ಕ್, ನೇವಿದು ಮುಂಬೈ. ಸ್ಪೀಡ್ ಪೋಸ್ಟ್ ಸಾಕ್ರಿ, ರೊಕ್ಕ ಖರ್ಚು ಮಾಡಿ ಹೋಗೋ ಜರೂರಿಲ್ಲ.

ನಂಬರ್ ವಿಷಯದಾಗ ಹುಷಾರು. ಜೆಸಿಓ (ನಾಯಬ್ ಸುಬೇದಾರ್ ಮತ್ತ ಅದರ ಮ್ಯಾಲಿನ ಜೂನಿಯರ್ ಕಮಿಶನ್ಡ್ ಆಫೀಸರ್) ಆದ ಮ್ಯಾಲೆ ಆರ್ಮಿ ನಂಬರ್ ಬದಲಾಗ್ತದ, ಜೆಸಿ ನಂಬರ್ ಬರ್ತದ. ಜವಾನ ಇದ್ದಾಗ ಸಿಕ್ಕ ಮೆಡಲ್ ಹಳೇ ನಂಬರಿನ ಮ್ಯಾಲೆ ಇರ್ತದ, ಹುಡುಕೋರು ಹೊಸ ನಂಬರಿನಾಗ ಹುಡುಕಿ ‘ಇಲ್ಲ’ ಅಂತಾರ. ಅದಕ್ಕ ಅರ್ಜಿಯೊಳಗ ಎರಡೂ ನಂಬರ್ ಬರೀರಿ, ನಂಬರಿನ ಕೊನಿಗಿರೋ ಇಂಗ್ಲಿಷ್ ಅಕ್ಷರ ಸಮೇತ. ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯೂರಿಟಿ ಕೋರ್) ಮತ್ತ ಸೇರಿದವ್ರಿಗೂ ಇದೇ ತೊಡಕು. ಡಿಎಸ್‌ಸಿ ರೆಕಾರ್ಡ್ ಕಣ್ಣೂರಿನಾಗ, ಮೊದಲಿನ ಸರ್ವೀಸಿನ ಮೆಡಲ್ ಮೊದಲಿನ ರೆಜಿಮೆಂಟಿನ ರೆಕಾರ್ಡಿನಾಗ. ರಾಷ್ಟ್ರೀಯ ರೈಫಲ್ಸ್‌ನಾಗ ಇದ್ದವ್ರು ಸುದ್ದಾ ತಮ್ಮ ಮೂಲ ರೆಜಿಮೆಂಟಿಗೇ ಬರೀಬೇಕು, ಯಾವ ಆರ್‌ಆರ್ ಬಟಾಲಿಯನ್, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಅಂತ ನಮೂದು ಮಾಡಿ.

ಹಳೇ ಹೆಡ್ ಕ್ಲರ್ಕ್

ಮಲಪ್ರಭಾ ಅವರೇ, ನಿಮ್ಮ ಕೇಸು ಈಗ ತಿಳಿಯಾಯ್ತು. ಮೂರು ಮೆಡಲ್‌ಗೂ ದಾರಿ ಬೇರೆ.

25ನೇದ್ದು 1972ರ ಆಗಸ್ಟ್ 15ರಂದು ಸರ್ವೀಸಿನಲ್ಲಿದ್ದವರಿಗೆ. ತಂದೆಯವರು ಇದ್ದರು, ಮೆಡಲ್ಲೂ ಬಂದಿದೆ. ಹಾಗಾಗಿ ಬುಕ್ಕಿಗೆ ಇಳಿಸುವಾಗ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. 9 ವರ್ಷದ್ದು 1977ರಲ್ಲಿ ಪೂರ್ತಿ ಆಗ್ತದೆ. ನಡುವೆ ಗೈರುಹಾಜರಿ, ಶಿಕ್ಷೆಯಿಂದ ಕಡಿತವಾದ ದಿನ ಇದ್ದರೆ ತಾರೀಖು ಮುಂದೆ ಹೋಗಬಹುದು, 16 ವರ್ಷದ ಸರ್ವೀಸಿನಲ್ಲಿ ಅದು ಅಡ್ಡಿ ಆಗಲಾರದು. ಒಂದು ಗೊಂದಲ ಮಾತ್ರ ಮಾಡ್ಕೋಬೇಡಿ. ‘ಲಾಂಗ್ ಸರ್ವೀಸ್ ಆ್ಯಂಡ್ ಗುಡ್ ಕಂಡಕ್ಟ್’ ಮೆಡಲ್ ಬೇರೆಯದು. ಅದನ್ನು ನಡತೆ ನೋಡಿ ಆಯ್ಕೆ ಮಾಡಿ ಕೊಡ್ತಾರೆ, ವರ್ಷ ತುಂಬಿದ ಮಾತ್ರಕ್ಕೆ ಕೇಳೋಕೆ ಬರೋದಿಲ್ಲ. ಅರ್ಜಿಯಲ್ಲಿ ಆ ಹೆಸರು ಬರೆದರೆ ತಿರಸ್ಕಾರ ಖಂಡಿತ.

ಪೂರ್ವಿ ಸ್ಟಾರ್‌ಗೆ ಶ್ರಮ ಇದೆ. 1 ಮರಾಠಾ ಜಮಾಲಪುರದಲ್ಲಿ ಹೋರಾಡಿದ್ದು, 1971ರ ಡಿಸೆಂಬರ್ 11ರಂದು ಆ ಠಾಣೆ ಕೈಗೆ ಬಂದದ್ದು ಇತಿಹಾಸ. ಅದನ್ನು ಯಾರೂ ಅಲ್ಲಗಳೆಯೋದಿಲ್ಲ. ಆದರೆ ಪಲ್ಟನ್ ಅಲ್ಲಿತ್ತು ಅಂದರೆ ಪ್ರತಿ ಜವಾನನೂ ಅಲ್ಲಿದ್ದ ಅಂತ ದಾಖಲೆ ಒಪ್ಪೋದಿಲ್ಲ. ಕೆಲವರು ರಜೆಯಲ್ಲಿ, ಕೆಲವರು ಕೋರ್ಸಿನಲ್ಲಿ, ಆಸ್ಪತ್ರೆಯಲ್ಲಿ, ರೆಜಿಮೆಂಟಲ್ ಸೆಂಟರ್‌ನಲ್ಲಿ ಇರ್ತಾರೆ. ಸಂಗ್ರಾಮ್ ಮೆಡಲ್‌ನ ವ್ಯಾಪ್ತಿ ದೊಡ್ಡದು, ಸ್ಟಾರ್ ಮಾತ್ರ ಯುದ್ಧವಲಯದಲ್ಲಿ ಇದ್ದವರಿಗೆ. ಬುಕ್ಕಿನಲ್ಲಿ ಸಂಗ್ರಾಮ್ ಇದ್ದು ಸ್ಟಾರ್ ಇಲ್ಲ ಅಂದಾಗ ರೆಕಾರ್ಡಿನವರಿಗೆ ಮೊದಲು ಬರುವ ಅನುಮಾನವೇ ಇದು. ಅದಕ್ಕೇ ಪೋಸ್ಟಿಂಗ್ ಮತ್ತು ರಜೆಯ ನಮೂದು ಕೇಳಿ ಅಂದದ್ದು. ಡಿಸೆಂಬರ್ 3ರಿಂದ 16ರ ನಡುವೆ ಅವರು ಬಟಾಲಿಯನ್ ಬಿಟ್ಟು ಹೋದ ಪಾರ್ಟ್ ಟೂ ಆರ್ಡರ್ ಇಲ್ಲ ಅಂದರೆ, ಅದೇ ನಿಮ್ಮ ಬಲವಾದ ಪುರಾವೆ. ಡಿಸ್ಚಾರ್ಜ್ ಬುಕ್ಕಿನ ಫೀಲ್ಡ್ ಸರ್ವೀಸ್ ನಮೂದನ್ನೂ ನೋಡಿ. ಅದೇ ಕಂಪನಿಯಲ್ಲಿದ್ದು ಸ್ಟಾರ್ ಪಡೆದ ಜೊತೆಗಾರರು ಇದ್ದರೆ ಇಬ್ಬರಿಂದ ನೋಟರಿ ಅಫಿಡವಿಟ್ ಮಾಡಿಸಿ, ಅವರ ಬುಕ್ಕಿನ ಮೆಡಲ್ ಪುಟದ ಪ್ರತಿ ಲಗತ್ತಿಸಿ. ಬರೀ ಅಫಿಡವಿಟ್‌ನಿಂದ ಆಗೋದಿಲ್ಲ, ನಮೂದಿಗೆ ಅದು ಊರುಗೋಲು.

ಹೆಸರಿನ ‘ವ’ ವಿಷಯ ಈ ಅರ್ಜಿಯೊಳಗೆ ತರಬೇಡಿ. ಅಂಚಿನ ನಂಬರ್ ತಾಳೆಯಾದರೆ ಸಾಕು. ಹೆಸರು ತಿದ್ದುಪಡಿ ಬೇರೆ ಪ್ರಕರಣ, ಅದಕ್ಕೆ ಬೇರೆ ಕಾಗದ. ಎರಡನ್ನೂ ಕೂಡಿಸಿದರೆ ಫೈಲು ಟೇಬಲ್‌ನಿಂದ ಟೇಬಲ್‌ಗೆ ತಿರುಗ್ತಾ ಇರ್ತದೆ. ಹೆಸರನ್ನು ಡಿಸ್ಚಾರ್ಜ್ ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಬರೀರಿ, ಆಧಾರ್‌ನಲ್ಲಿದ್ದಂತೆ ಅಲ್ಲ.

ಆರ್‌ಟಿಐ ಉತ್ತರ ಬಂದ ಮೇಲೆ ಅರ್ಜಿ ಒಂದೇ ಪುಟ ಇರಲಿ. ತಲೆಬರಹದಲ್ಲಿ ನಂಬರ್, ರ‍್ಯಾಂಕ್, ಹೆಸರು, ಬಟಾಲಿಯನ್, ಸೇರಿದ ಮತ್ತು ಬಿಟ್ಟ ತಾರೀಖು. ಕೆಳಗೆ ಮೆಡಲ್‌ಗೊಂದು ಪ್ಯಾರಾ: ಮೆಡಲ್‌ನ ಪೂರ್ತಿ ಹೆಸರು, ಯಾವ ತಾರೀಖಿಗೆ ಅರ್ಹತೆ, ಯಾವ ಪಾರ್ಟ್ ಟೂ ಆರ್ಡರ್ ಅಥವಾ ಯಾವ ಪುರಾವೆ. ಸಂಕ್ಷೇಪಾಕ್ಷರ ಬೇಡ. ಸೈನ್ಯ ಸೇವಾ, ಸಾಮಾನ್ಯ ಸೇವಾ, ಸ್ಪೆಶಲ್ ಸರ್ವೀಸ್ ಮೂರಕ್ಕೂ ಮೊದಲಕ್ಷರ ಒಂದೇ, ಒಂದರ ಬದಲು ಇನ್ನೊಂದನ್ನು ಓದಿಕೊಳ್ತಾರೆ. ಸೈನ್ಯ ಸೇವಾ ಮೆಡಲ್ ಆದರೆ ಕ್ಲಾಸ್ಪ್ (ರಿಬ್ಬನ್ ಮೇಲೆ ಹಾಕುವ, ಸೇವೆ ಮಾಡಿದ ಜಾಗದ ಹೆಸರಿನ ಪಟ್ಟಿ) ಯಾವುದು ಅಂತಲೂ ಬರೀಬೇಕು: ಜಮ್ಮು ಕಾಶ್ಮೀರವೋ, ಹಿಮಾಲಯವೋ. ಬುಕ್ಕಿನ ಎಲ್ಲಾ ಪುಟಗಳ ದೃಢೀಕೃತ ಜೆರಾಕ್ಸ್ ಲಗತ್ತಿಸಿ. ಅವರು ಲಿಖಿತವಾಗಿ ಅಸಲು ಕೇಳಿದಾಗ ಮಾತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಲ್ಲವೇ ಕೈಯಾರೆ ಕೊಟ್ಟು ರಸೀದಿ ತಗೊಳ್ಳಿ.

ಕೃಷ್ಣಾ ತೀರ (ಜಮಖಂಡಿ)

ಮಾವನವರು ತೀರಿಕೊಂಡಾರ, ಅತ್ತೆಯವರು ಇದ್ದಾರ. 7 ವರ್ಷ ಸರ್ವೀಸ್, ಪೆನ್ಶನ್ ಇಲ್ಲ, 1973ರಾಗ ಬಿಟ್ಟು ಬಂದವ್ರು. ಅವರದೂ ಹಿಂಗ ತಿದ್ದಸಬಹುದೇನ್ರಿ?

ಹಳೇ ಹೆಡ್ ಕ್ಲರ್ಕ್

ಕಷ್ಟ ಇದೆ ತಾಯಿ, ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಪೆನ್ಶನ್ ಇಲ್ಲದವರ ಸರ್ವೀಸ್ ದಾಖಲೆಯನ್ನು 25 ವರ್ಷಕ್ಕೆ ನಾಶ ಮಾಡುವ ನಿಯಮ ಇದೆ. ಹಾಗಾಗಿ ಶೀಟ್ ರೋಲ್ ಸಿಗಲಿಕ್ಕಿಲ್ಲ. ಲಾಂಗ್ ರೋಲ್ ಅನ್ನೋ ರಿಜಿಸ್ಟರ್ ಮಾತ್ರ ಉಳಿದಿರ್ತದೆ. ಆರ್‌ಟಿಐನಲ್ಲಿ ‘ಲಾಂಗ್ ರೋಲ್‌ನ ಸಂಬಂಧಪಟ್ಟ ಸಾಲಿನ ಪ್ರತಿ’ ಅಂತಲೇ ಕೇಳಿ, ‘ಸರ್ವೀಸ್ ರೆಕಾರ್ಡ್’ ಅಂತ ಕೇಳಿದರೆ ನಾಶವಾಗಿದೆ ಅಂದುಬಿಡ್ತಾರೆ. ನಿಮ್ಮಲ್ಲಿರೋ ಡಿಸ್ಚಾರ್ಜ್ ಬುಕ್ ಈಗ ಅಸಲಿಗಿಂತ ಹೆಚ್ಚು, ಲ್ಯಾಮಿನೇಶನ್ ಮಾಡಿಸಬೇಡಿ, ಸೀಲು ಹಾಕೋಕೆ ಬರೋದಿಲ್ಲ. ಅರ್ಜಿ ಅತ್ತೆಯವರ ಹೆಸರಿನಲ್ಲಿ, ಮರಣ ಪ್ರಮಾಣಪತ್ರದ ಜೊತೆ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಇಟ್ಕೊಳ್ಳಿ.

ಬಾರಾಕಮಾನ್ (ವಿಜಯಪುರ)

ಶೌರ್ಯ ಪದಕ ಬಿಟ್ಟು ಹೋಗಿದ್ರ ಮಾತು ಬ್ಯಾರೆ ಅದ. ಸೇನಾ ಮೆಡಲ್, ವೀರ ಚಕ್ರ ಇವೆಲ್ಲಾ ಭಾರತ ಸರ್ಕಾರದ ಗೆಜೆಟ್‌ನಾಗ ಬರ್ತಾವ, ಗೆಜೆಟ್ ಪ್ರತಿ ಇದ್ರ ಬ್ಯಾರೆ ಪುರಾವೆ ಬೇಕಾಗೂದಿಲ್ಲ. ಸ್ಪರ್ಶ್ ಅಲ್ಲಿ ಬರ್ತದ ನೋಡ್ರಿ, ಯಾಕಂದ್ರ ಶೌರ್ಯಕ್ಕ ಕೊಟ್ಟ ಸೇನಾ ಮೆಡಲ್‌ಗೆ 2017ರ ಪರಿಷ್ಕರಣೆ ಆದಾಗಿಂದ ತಿಂಗಳಿಗೆ ₹2000 ಭತ್ಯೆ ಅದ. ಸರ್ವೀಸ್ ಮೆಡಲ್‌ಗೆ ಏನೂ ಬರೂದಿಲ್ಲ. ‘ಎರಿಯರ್ಸ್ ಕೊಡಸ್ತೀನಿ’ ಅಂತ ಯಾರರೆ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ.

ಆರ್‌ಟಿಐಗೆ 30 ದಿನದಾಗ ಉತ್ತರ ಬರಲಿಲ್ಲಂದ್ರ ಮುಂದಿನ 30 ದಿನದೊಳಗ ಮೊದಲ ಮೇಲ್ಮನವಿ. ತಿದ್ದುಪಡಿ ಅರ್ಜಿ ಹಂಗೇ ಬಿದ್ದಿದ್ರ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಾಗ ಹಾಕ್ರಿ. ತಿರಸ್ಕಾರದ ಆದೇಶ ಬಂದ್ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕ ಹೋಗಲಿಕ್ಕೆ 6 ತಿಂಗಳ ಅವಧಿ. ಆದೇಶ ಬಂದ ಲಕೋಟಿ ಚೆಲ್ಲಬ್ಯಾಡ್ರಿ, ಅದರ ಮ್ಯಾಲಿನ ಪೋಸ್ಟಿನ ತಾರೀಖು ಬೇಕಾಗ್ತದ.

ಮಲಪ್ರಭಾ ದಂಡಿ

ಭಾಳ ಉಪಕಾರ ಆತ್ರಿ ಎಲ್ಲಾರದೂ. ಪೋಸ್ಟಲ್ ಆರ್ಡರ್ ತಂದೀನಿ, ಸೋಮವಾರ ಕಳಸ್ತೀನಿ. ಎಂಡಾರ್ಸ್‌ಮೆಂಟ್ ಆದಕೂಡ್ಲೆ ಸ್ಟಾರ್ ಮನಿಗೆ ಬರತೈತೇನ್ರಿ?

ಹಳೇ ಹೆಡ್ ಕ್ಲರ್ಕ್

ಇಲ್ಲ, ಅದಕ್ಕೆ ಬೇರೆ ಬೇಡಿಕೆ ಹೋಗಬೇಕು, ವರ್ಷಗಳೇ ಹಿಡೀಬಹುದು. ಪಾರ್ಟ್ ಟೂ ಆರ್ಡರ್ ಆದ ಮೇಲೆ ಮಿಲಿಟರಿ ಟೇಲರ್ ಹತ್ತಿರ ಸಿಗುವ ಪ್ರತಿಕೃತಿ ಹಾಕಿಕೊಳ್ಳೋದರಲ್ಲಿ ತಪ್ಪಿಲ್ಲ. ಸೇವೆಯಲ್ಲಿರೋರೂ ಹಾಗೇ ಹಾಕ್ಕೋತಾರೆ. ಈ ಆಗಸ್ಟ್ 15ಕ್ಕೆ ತಂದೆಯವರ ಎದೆ ಮೇಲೆ ರಿಬ್ಬನ್ ಇರಬೇಕು ಅಂತ ನಿಮಗಿದ್ದರೆ, 25ನೇದ್ದಕ್ಕೆ ಹೊಸ ರಿಬ್ಬನ್ ಹಾಕಿಸಿ. ಅದು ಅವರದ್ದೇ, ಅಂಚಿನಲ್ಲಿ ನಂಬರ್ ಇದೆ.

ಬುಕ್ ವಾಪಸ್ ಬಂದಾಗ ಅಲ್ಲೇ ನಿಂತು ನೋಡಿ: ಹೊಸ ನಮೂದಿನ ಪಕ್ಕ ಪಾರ್ಟ್ ಟೂ ಆರ್ಡರ್ ನಂಬರ್, ತಾರೀಖು, ರೆಕಾರ್ಡ್ ಆಫೀಸರ್ ಸಹಿ, ದುಂಡು ಸೀಲು, ನಾಲ್ಕೂ ಇರಬೇಕು. ನಂಬರ್ ಇಲ್ಲದೆ ಬರೀ ಮೆಡಲ್ ಹೆಸರು ಬರೆದಿದ್ದರೆ ಕೌಂಟರ್ ಬಿಟ್ಟು ಹೊರಗೆ ಬರಬೇಡಿ.